ಕ್ರ್ಯಾಂಬೋ, ಪ್ರತಿಮಾಲೆ ಮತ್ತು ಕನ್ನಡದ ಕಿವಿ

೧

ಕೆಲವು ತಿಂಗಳ ಹಿಂದೆ ಮುಂಬಯಿಯ ನಮ್ಮ ಸಂಘದ ವಾಚನಾಲಯದಲ್ಲಿ ನಾಲ್ಕಾರು ಮಂದಿ ಮಿತ್ರರು ಕುಳಿತು ಮಾತನಾಡುತ್ತಿದ್ದಾಗ ಒಂದು ಸಣ್ಣ ಚರ್ಚೆ ಹುಟ್ಟಿತು. ಹದಿನೇಳನೆಯ ಶತಮಾನದ ಇಂಗ್ಲಿಷ್ ದಿನಚರಿಯೊಂದರ ಕೆಲವು ಭಾಗಗಳನ್ನು ಕನ್ನಡಿಸುತ್ತಿದ್ದ ಮಿತ್ರರೊಬ್ಬರು, ಅಲ್ಲಿ ಬರುವ 'ಕ್ರ್ಯಾಂಬೋ' ಎಂಬ ಆಟಕ್ಕೆ ನಮ್ಮಲ್ಲಿ ಏನೆನ್ನಬೇಕೆಂದು ಕೇಳಿದರು. 'ಅಂತ್ಯಾಕ್ಷರಿ ಎಂದು ಹಾಕಿಬಿಡಿ, ಮುಗಿಯಿತು' ಎಂದರು ಒಬ್ಬರು. ಸಂಸ್ಕೃತವನ್ನು ಬಲ್ಲ ಇನ್ನೊಬ್ಬರು, 'ಅದಕ್ಕಿಂತ ಪ್ರತಿಮಾಲೆ ಎನ್ನಿ. ಹಳೆಯ ಆಟಕ್ಕೆ ಹಳೆಯ ಹೆಸರೇ ಒಪ್ಪುತ್ತದೆ' ಎಂದರು. ಎಲ್ಲರೂ ತಲೆದೂಗಿದರು.

ಅಂದಿನ ಮಾತು ಅಲ್ಲಿಗೇ ನಿಂತಿತಾದರೂ, ಮನೆಗೆ ಹಿಂದಿರುಗುವ ಲೋಕಲ್ ಗಾಡಿಯಲ್ಲಿ ಆ ಪ್ರಶ್ನೆ ನನ್ನೊಡನೆಯೇ ಬಂದಿತು. ಅಂತ್ಯಾಕ್ಷರಿಯಾಗಲಿ ಪ್ರತಿಮಾಲೆಯಾಗಲಿ ಕ್ರ್ಯಾಂಬೋ ಎಂಬುದಕ್ಕೆ ಸಮಾನಪದವಾಗಲಾರದೆಂದು ನನಗೆ ತೋರಿತು. ಇದು ಬರಿಯ ನಿಘಂಟಿನ ಪ್ರಶ್ನೆಯಾಗಿದ್ದರೆ ಅದನ್ನು ಇಷ್ಟು ಬೆಳೆಸಬೇಕಾಗಿರಲಿಲ್ಲ. ಆದರೆ ಒಂದು ಭಾಷೆಯ ಜನ ಶಬ್ದಗಳೊಡನೆ ಹೇಗೆ ಆಡುತ್ತಾರೆಂಬುದನ್ನು ನೋಡಿದರೆ, ಅವರ ಕಿವಿ ಶಬ್ದದ ಯಾವ ಭಾಗದ ಮೇಲೆ ನೆಟ್ಟಿದೆಯೆಂಬುದು ತಿಳಿಯುತ್ತದೆ. ಹಾಗೆ ನೋಡಿದಾಗ, ಪ್ರಾಸವನ್ನು ಕುರಿತು ಕಳೆದ ನೂರು ವರ್ಷಗಳಿಂದ ನಮ್ಮ ವಿಮರ್ಶೆಯಲ್ಲಿ ಉಳಿದುಬಂದಿರುವ ಒಂದು ತಪ್ಪೆಣಿಕೆಯೂ ಬೆಳಕಿಗೆ ಬರುವುದು. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಆಟವನ್ನು ನೋಡೋಣ. ಕ್ರ್ಯಾಂಬೋವಿನಲ್ಲಿ ಒಬ್ಬನು ಮನಸ್ಸಿನಲ್ಲಿ ಒಂದು ಶಬ್ದವನ್ನು ನೆನೆದು, ಅದಕ್ಕೆ ಪ್ರಾಸವಾಗುವ ಬೇರೊಂದು ಶಬ್ದವನ್ನು ಮಾತ್ರ ಹೊರಗೆ ಹೇಳುತ್ತಾನೆ. ಉಳಿದವರು ಆ ಗುಪ್ತಶಬ್ದವನ್ನು ಕಂಡುಹಿಡಿಯಬೇಕು. ಆದರೆ ತಮ್ಮ ಊಹೆಯನ್ನು ನೇರವಾಗಿ ನುಡಿಯಕೂಡದು. ಅದರ ಅರ್ಥವನ್ನು ವರ್ಣಿಸಿ ಪ್ರಶ್ನೆ ಹಾಕಬೇಕು. ಶಬ್ದವನ್ನು ನೆನೆದವನು ಆ ವರ್ಣನೆಯಿಂದಲೇ ಅವರ ಮನಸ್ಸಿನ ಶಬ್ದವನ್ನು ಗುರುತಿಸಿ, 'ಅಲ್ಲ, ಅದು ಇಂಥದಲ್ಲ' ಎಂದು ಉತ್ತರ ಕೊಡಬೇಕು. ಹೀಗೆ ಎರಡು ಪಕ್ಷದವರಿಗೂ ಪ್ರಾಸವನ್ನು ಹುಡುಕುವ ಕೆಲಸ ತಪ್ಪುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಮನೆಗಳಲ್ಲಿ ಇದಕ್ಕೆ ಒಂದು ಮೂಕರೂಪವೂ ಹುಟ್ಟಿ, ಊಹೆಯನ್ನು ಮಾತಿನ ಬದಲು ಅಭಿನಯದಿಂದ ತೋರಿಸುವುದು ರೂಢಿಗೆ ಬಂದಿತು.

ಆಟ ಅದಕ್ಕಿಂತಲೂ ಹಳೆಯದು. ೧೬೬೦ರ ಮೇ ತಿಂಗಳಲ್ಲಿ, ಎರಡನೆಯ ಚಾರ್ಲ್ಸ್ ದೊರೆಯನ್ನು ಕರೆತರಲು ಹೊರಟ ನೌಕಾಪಡೆಯೊಡನೆ ಹಾಲೆಂಡಿಗೆ ಹೋಗಿದ್ದ ಸ್ಯಾಮ್ಯುಯಲ್ ಪೀಪ್ಸ್, ಹೇಗ್ ನಗರಕ್ಕೆ ಬಂಡಿಯಲ್ಲಿ ಹೋಗುವಾಗ ಜೊತೆಗಾರರೊಡನೆ ಕ್ರ್ಯಾಂಬೋ ಆಡಿದುದನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ೧೭೫೫ರಲ್ಲಿ ಹೊರಬಂದ ಡಾಕ್ಟರ್ ಜಾನ್ಸನ್ನನ ನಿಘಂಟು ಈ ಶಬ್ದಕ್ಕೆ ಆಟವೆಂಬ ಅರ್ಥವನ್ನೂ, ಬರಿಯ ಪ್ರಾಸವೆಂಬ ಅರ್ಥವನ್ನೂ ಕೊಡುತ್ತದೆ. ಇಂದು ಇಂಗ್ಲಿಷರಲ್ಲಿಯೂ ಬಳಕೆ ತಪ್ಪಿದ ಈ ಶಬ್ದದ ಮೂಲ ಲ್ಯಾಟಿನ್ನಿನ 'ಕ್ರ್ಯಾಂಬೆ', ಅರ್ಥ, ಕೋಸು. ರೋಮಿನ ವಿಡಂಬನಕವಿ ಜುವೆನಲ್ ತನ್ನ ಏಳನೆಯ ವಿಡಂಬನೆಯಲ್ಲಿ, ಒಂದೇ ಪಾಠವನ್ನು ಶಿಷ್ಯರ ಬಾಯಿಂದ ಮತ್ತೆ ಮತ್ತೆ ಕೇಳಬೇಕಾದ ಉಪಾಧ್ಯಾಯರ ಪಾಡನ್ನು ಮರುಬಡಿಸಿದ ಕೋಸಿನ ಮಾತಿನಿಂದ ಹಾಸ್ಯ ಮಾಡಿದ್ದಾನೆ. ಅಲ್ಲಿಂದ ಮುಂದೆ, ಹಳಸಿದ ಪುನರುಕ್ತಿಗೆ ಆ ಕೋಸು ಸಂಕೇತವಾಯಿತು. ಪ್ರಾಸದ ಆಟಕ್ಕೂ ಅದೇ ಹೆಸರು ನಿಂತಿತು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಕ್ರ್ಯಾಂಬೋ ಎಂದರೆ ಬಿಸಿಮಾಡಿ ಬಡಿಸಿದ ತಂಗಳು.

೨

ಆಟಕ್ಕೆ ಇಂಥ ತುಚ್ಛವಾದ ಹೆಸರು ಬಂದುದು ಆಕಸ್ಮಿಕವಲ್ಲ. ಪ್ರಾಸವನ್ನೇ ಮುಂದಿಟ್ಟುಕೊಂಡು ಪದ್ಯ ಕಟ್ಟುವ ಚಟ ಯುರೋಪಿನಲ್ಲಿ ಒಮ್ಮೆ ಬಹಳವಾಗಿತ್ತು. ಫ್ರಾನ್ಸಿನಲ್ಲಿ ಇದಕ್ಕೆ 'ಬೂ ರಿಮೇ' ಎಂದು ಹೆಸರು. ಮೊದಲು ಸಾಲುಗಳ ಕೊನೆಯ ಪ್ರಾಸಪದಗಳನ್ನು ಮಾತ್ರ ಕೊಟ್ಟು, ಅವಕ್ಕೆ ಹೊಂದುವಂತೆ ಪದ್ಯವನ್ನು ತುಂಬಿಸುವುದು ಇದರ ಕ್ರಮ. ಹದಿನೇಳನೆಯ ಶತಮಾನದಲ್ಲಿದ್ದ ದ್ಯುಲೋ ಎಂಬ ಪದ್ಯಕಾರನ ಕಥೆ ಪ್ರಸಿದ್ಧವಾಗಿದೆ. ತನ್ನ ಮುನ್ನೂರು ಸಾನೆಟ್ಟುಗಳು ಕಳುವಾದುವೆಂದು ಆತ ಗೋಳಾಡಿದನಂತೆ. ಅಷ್ಟೊಂದು ಕವಿತೆಗಳೇ ಎಂದು ಜನ ಬೆರಗಾದಾಗ, ಕವಿತೆಗಳನ್ನು ಇನ್ನೂ ಬರೆದಿರಲಿಲ್ಲ, ಪ್ರಾಸಪದಗಳನ್ನಷ್ಟೇ ಬರೆದಿಟ್ಟಿದ್ದೆನೆಂದು ಹೇಳಿದನಂತೆ. ಜನ ನಕ್ಕರು, ಆದರೆ ಆ ಕ್ರಮವನ್ನೇ ಆಟವಾಗಿ ಹಿಡಿದುಕೊಂಡರು. ಸಾರಾಜ಼ೆಂ ಎಂಬ ಕವಿ ದ್ಯುಲೋವಿನ ಸೋಲನ್ನು ಕುರಿತು ಒಂದು ಅಣಕುಮಹಾಕಾವ್ಯವನ್ನೇ ರಚಿಸಿದನು. ೧೭೧೧ರಲ್ಲಿ ಇಂಗ್ಲೆಂಡಿನ 'ಸ್ಪೆಕ್ಟೇಟರ್' ಪತ್ರಿಕೆಯಲ್ಲಿ ಜೋಸೆಫ್ ಅಡಿಸನ್ ಹುಸಿಚಮತ್ಕಾರವನ್ನು ಕುರಿತು ಬರೆದ ಲೇಖನಮಾಲೆಯಲ್ಲಿ ಈ ಬೂ ರಿಮೇಯನ್ನೂ ಸೇರಿಸಿ, ಇದು ವಿದ್ವತ್ತಿನ ಇಳಿಗಾಲದ ಲಕ್ಷಣವೆಂದು ತೀರ್ಪುಕೊಟ್ಟನು.

ಅಡಿಸನ್ನನ ತೀರ್ಪನ್ನು ಒಪ್ಪಬಹುದು. ಆದರೂ ಅವನು ಕೇಳದೆ ಬಿಟ್ಟ ಪ್ರಶ್ನೆಯೊಂದುಂಟು. ಇಂಗ್ಲಿಷಿನಲ್ಲಿ ಪ್ರಾಸ ಹುಡುಕುವುದು ಆಟವಾದುದೇಕೆ? ಸುಲಭವಾದುದು ಆಟವಾಗದು, ಅಸಾಧ್ಯವಾದುದೂ ಆಟವಾಗದು. ಇಂಗ್ಲಿಷಿನಲ್ಲಿ ಅಂತ್ಯಪ್ರಾಸ ಸಿಗುತ್ತದೆ, ಆದರೆ ಹುಡುಕಿದರೆ ಮಾತ್ರ ಸಿಗುತ್ತದೆ. ಪ್ರೇಮವೆಂಬ ಅರ್ಥದ 'ಲವ್' ಶಬ್ದಕ್ಕೆ 'ಡವ್', 'ಗ್ಲವ್', 'ಅಬವ್' ಮೊದಲಾದ ಬೆರಳೆಣಿಕೆಯ ಪ್ರಾಸಗಳು. ಆದುದರಿಂದಲೇ ಆ ಭಾಷೆಯ ಪ್ರೇಮಗೀತಗಳಲ್ಲಿ ಪಾರಿವಾಳಗಳು ಅಷ್ಟೊಂದು ಹಾರಾಡುತ್ತವೆ. ತಿಂಗಳೆಂಬ ಅರ್ಥದ 'ಮಂತ್' ಶಬ್ದಕ್ಕಂತೂ ಪ್ರಾಸವೇ ಇಲ್ಲವೆಂದು ಪ್ರಸಿದ್ಧಿ.

ಈ ಅಭಾವಕ್ಕೆ ಕಾರಣ ಆ ಭಾಷೆಯ ಶಬ್ದರಚನೆಯಲ್ಲಿದೆ. ಇಂಗ್ಲಿಷು ಕಾಲಕ್ರಮದಲ್ಲಿ ತನ್ನ ವಿಭಕ್ತಿಪ್ರತ್ಯಯಗಳನ್ನೂ ಆಖ್ಯಾತಪ್ರತ್ಯಯಗಳನ್ನೂ ಬಹುಮಟ್ಟಿಗೆ ಕಳೆದುಕೊಂಡಿತು. ಹೀಗಾಗಿ ಸಾಲಿನ ಕೊನೆಯಲ್ಲಿ ಅನೇಕ ವೇಳೆ ಶಬ್ದದ ಮೂಲಪ್ರಕೃತಿಯೇ ಬಂದು ನಿಲ್ಲುತ್ತದೆ. ಪ್ರಾಸ ಕೂಡಿದಾಗ ಕೂಡುವುದು ಎರಡು ಬಾಲಗಳಲ್ಲ, ಎರಡು ಬೇರುಗಳು; ಬೇರೆ ಬೇರೆ ಅರ್ಥದ ಎರಡು ಮೂಲಶಬ್ದಗಳು ನಾದದಿಂದ ಮಾತ್ರ ಒಂದಾಗುತ್ತವೆ. ಪ್ರಾಸದಿಂದ ಹುಟ್ಟುವ ಆಶ್ಚರ್ಯಕ್ಕೂ ಆನಂದಕ್ಕೂ ಇದೇ ಕಾರಣ. ಕ್ರ್ಯಾಂಬೋ ಆ ಬೇರುಗಳ ಆಟ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

೩

ಇನ್ನು ಪ್ರತಿಮಾಲೆ. ವಾತ್ಸ್ಯಾಯನನ ಕಾಮಸೂತ್ರದ ಮೊದಲನೆಯ ಅಧಿಕರಣದಲ್ಲಿ ಅರುವತ್ತನಾಲ್ಕು ಕಲೆಗಳ ಪಟ್ಟಿಯಿದೆ. ಗೀತ, ವಾದ್ಯ, ನೃತ್ಯಗಳಿಂದ ಮೊದಲಾದ ಆ ಪಟ್ಟಿಯಲ್ಲಿ ಪ್ರಹೇಳಿಕೆ, ಪ್ರತಿಮಾಲೆ, ದುರ್ವಾಚಕಯೋಗ, ಕಾವ್ಯಸಮಸ್ಯಾಪೂರಣ ಎಂಬ ಮಾತಿನ ಆಟಗಳೂ ಸೇರಿವೆ. ಪ್ರಹೇಳಿಕೆಯೆಂದರೆ ಒಗಟು, ದುರ್ವಾಚಕವೆಂದರೆ ನಾಲಗೆ ತೊಡರುವಂಥ ಪದ್ಯ, ಸಮಸ್ಯಾಪೂರಣವೆಂದರೆ ಕೊಟ್ಟ ಒಂದು ಪಾದಕ್ಕೆ ಉಳಿದ ಪಾದಗಳನ್ನು ಕಟ್ಟುವುದು. ಪ್ರತಿಮಾಲೆಯೆಂಬುದನ್ನು ಜಯಮಂಗಲಾ ವ್ಯಾಖ್ಯಾನ ಹೀಗೆ ವಿವರಿಸುತ್ತದೆ: ಇದೇ ಅಂತ್ಯಾಕ್ಷರಿಕೆಯೆಂದು ಪ್ರಸಿದ್ಧವಾದುದು, ಒಬ್ಬನು ಓದಿದ ಶ್ಲೋಕದ ಕೊನೆಯ ಅಕ್ಷರವನ್ನು ಹಿಡಿದು ಇನ್ನೊಬ್ಬನು ಬೇರೊಂದು ಶ್ಲೋಕವನ್ನು ಓದಬೇಕು, ಇದು ಕ್ರೀಡೆಗೂ ಉಂಟು, ವಾದಕ್ಕೂ ಉಂಟು. ಅಂದಮೇಲೆ ಇಂದು ನಾವು ಅಂತ್ಯಾಕ್ಷರಿಯೆನ್ನುವ ಆಟಕ್ಕೆ ಪ್ರತಿಮಾಲೆ ಪುರಾತನ ನಾಮವೆಂಬುದು ನಿರ್ವಿವಾದ. ಹೆಸರೂ ಎಷ್ಟು ಸೊಗಸಾಗಿದೆ! ಇಂಗ್ಲಿಷರು ತಮ್ಮ ಆಟವನ್ನು ತಂಗಳೆಂದು ಕರೆದರೆ, ನಮ್ಮ ಹಿರಿಯರು ತಮ್ಮ ಆಟವನ್ನು ಎದುರುಮಾಲೆಯೆಂದರು.

ಮಾತಿನ ಆಟ ರಾಜಾಸ್ಥಾನದಲ್ಲಿಯೂ ಮಾನ್ಯವಾಗಿತ್ತು. ಬಾಣನ ಕಾದಂಬರಿಯಲ್ಲಿ ಶೂದ್ರಕರಾಜನು ಅಕ್ಷರಚ್ಯುತಕ, ಮಾತ್ರಾಚ್ಯುತಕ, ಬಿಂದುಮತೀ, ಗೂಢಚತುರ್ಥಪಾದ, ಪ್ರಹೇಳಿಕೆಗಳಿಂದ ಹೊತ್ತು ಕಳೆಯುತ್ತಿದ್ದನೆಂದು ಹೇಳಿದೆ. ದಂಡಿ ತನ್ನ ಕಾವ್ಯಾದರ್ಶದಲ್ಲಿ ಹದಿನಾರು ಬಗೆಯ ಪ್ರಹೇಳಿಕೆಗಳನ್ನು ಎಣಿಸಿ, ಗೋಷ್ಠಿಯ ವಿನೋದಕ್ಕೂ, ಜನದ ನಡುವೆ ಗುಟ್ಟಿನ ಮಾತಿಗೂ, ಪರರನ್ನು ಭ್ರಮೆಗೊಳಿಸುವುದಕ್ಕೂ ಅವು ಪ್ರಯೋಜಕವೆನ್ನುತ್ತಾನೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ೧೧೨೯ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ವನಕ್ರೀಡೆ, ಚದುರಂಗಗಳ ಸಾಲಿನಲ್ಲಿಯೇ ಪ್ರಹೇಳಿಕಾಕ್ರೀಡೆಗೂ ಸ್ಥಾನ ಕೊಟ್ಟಿದ್ದಾನೆ.

ಆದರೆ ಪ್ರತಿಮಾಲೆಯಲ್ಲಿ ಪ್ರಾಸವೆಲ್ಲಿದೆ? ಅಲ್ಲಿರುವುದು ಕೊಂಡಿ. ಒಂದರ ಬಾಲವನ್ನು ಇನ್ನೊಂದರ ತಲೆಗೆ ಪೋಣಿಸುವುದು. ಅದು ಪರೀಕ್ಷಿಸುವುದು ಶಬ್ದಸಂಪತ್ತನ್ನಲ್ಲ, ಕಂಠಸ್ಥವಾದ ಪದ್ಯಗಳ ರಾಶಿಯನ್ನು. ಕ್ರ್ಯಾಂಬೋ ಆಡುವವನಿಗೆ ಒಂದು ಪದ್ಯವೂ ಬಾಯಿಗೆ ಬರಬೇಕಾಗಿಲ್ಲ. ಪ್ರತಿಮಾಲೆಯಾಡುವವನು ಒಂದು ಪ್ರಾಸವನ್ನೂ ಹುಡುಕಬೇಕಾಗಿಲ್ಲ. ಒಂದು ಕೋಶದ ಆಟ, ಇನ್ನೊಂದು ನೆನಪಿನ ಆಟ. ಇವೆರಡನ್ನೂ ಒಂದೆಂದು ಅನುವಾದಿಸಿದರೆ ಎರಡಕ್ಕೂ ಅನ್ಯಾಯವಾಗುತ್ತದೆ.

ಇಷ್ಟೇ ಅಲ್ಲ. ಸಂಸ್ಕೃತಶ್ಲೋಕಕ್ಕೆ ಹುಟ್ಟಿದ ಈ ಆಟ ಕನ್ನಡದಲ್ಲಿ ಆಡಿದಾಗ ಕುಂಟುತ್ತದೆ. ಕನ್ನಡ ವಾಕ್ಯದ ಕೊನೆಗೆ ಬರುವುದು ಸಾಮಾನ್ಯವಾಗಿ ಕ್ರಿಯಾಪದ, ಇಲ್ಲವೆ ವಿಭಕ್ತಿ ಹತ್ತಿದ ನಾಮಪದ. ಆದುದರಿಂದ ನು, ಳು, ರು, ತು, ಲಿ, ಗೆ ಮೊದಲಾದ ಕೆಲವೇ ಅಕ್ಷರಗಳು ಸುತ್ತಿಸುತ್ತಿ ಬರುತ್ತವೆ. ಸೀತೆ ಬಂದಳು, ರಾಧೆ ನಕ್ಕಳು, ಮಕ್ಕಳು, ಹೂಗಳು: ಎಲ್ಲಕ್ಕೂ ಕೊನೆ 'ಳು'. ಆದರೆ ಅಚ್ಚಗನ್ನಡದಲ್ಲಿ ಳಕಾರದಿಂದಾಗಲಿ ಣಕಾರದಿಂದಾಗಲಿ ಶಬ್ದ ಮೊದಲಾಗುವುದೇ ಇಲ್ಲ. ರಕಾರಲಕಾರಗಳಿಂದ ಮೊದಲಾಗುವ ದೇಶ್ಯಪದಗಳೂ ವಿರಳ. ಆದುದರಿಂದ ನಮ್ಮ ಮಕ್ಕಳು ಳಕಾರಕ್ಕೆ ಲಕಾರವನ್ನೂ ಣಕಾರಕ್ಕೆ ನಕಾರವನ್ನೂ ಒಪ್ಪಿಕೊಂಡು ಆಟವನ್ನು ಹೇಗೋ ಸಾಗಿಸುತ್ತಾರೆ. ತಪ್ಪು ಮಕ್ಕಳದಲ್ಲ. ಕನ್ನಡ ಶಬ್ದದ ಬಾಲ ಅದರ ತಲೆಗೆ ಹೊಂದುವಂಥದಲ್ಲ. ಬಾಲದಲ್ಲಿರುವುದು ಪ್ರತ್ಯಯ, ತಲೆಯಲ್ಲಿರುವುದು ಪ್ರಕೃತಿ.

೪

ಹಾಗಾದರೆ ಕನ್ನಡದಲ್ಲಿ ಅಂತ್ಯಪ್ರಾಸದ ಕ್ರ್ಯಾಂಬೋ ಏಕೆ ಹುಟ್ಟಲಿಲ್ಲ? ಮೇಲಿನ ಮಾತಿನಲ್ಲಿಯೇ ಉತ್ತರವಿದೆ. ಒಬ್ಬನು 'ಮನೆಯಲ್ಲಿ' ಎಂಬುದಕ್ಕೆ ಪ್ರಾಸ ಕೇಳಿದರೆ ಮರದಲ್ಲಿ, ಕೊಳದಲ್ಲಿ, ಸೊಲ್ಲಾಪುರದಲ್ಲಿ, ದಿಲ್ಲಿಯಲ್ಲಿ ಎಂದು ಸಂಜೆಯವರೆಗೂ ಹೇಳುತ್ತಿರಬಹುದು. 'ಬಂದನು' ಎಂದರೆ ಕನ್ನಡದ ಧಾತುಪಾಠದ ಅರ್ಧಭಾಗ ಸಾಲುಗಟ್ಟಿ ನಿಲ್ಲುತ್ತದೆ. ಪ್ರತ್ಯಯದೊಡನೆ ಪ್ರತ್ಯಯ ಕೂಡಿದರೆ ಅದು ವ್ಯಾಕರಣದ ಅನಿವಾರ್ಯತೆಯೇ ಹೊರತು ಕವಿಯ ಸಂಪಾದನೆಯಲ್ಲ. ಹುಡುಕಾಟವಿಲ್ಲದಲ್ಲಿ ಆಟವೂ ಇಲ್ಲ.

ಹುಡುಕಾಟವಿರುವುದು ಬೇರೆಡೆಯಲ್ಲಿ. ಕನ್ನಡ ಛಂದಸ್ಸು ಪ್ರಾಸಕ್ಕೆ ಗೊತ್ತುಮಾಡಿದ ಸ್ಥಾನ ಪಾದದ ಎರಡನೆಯ ಅಕ್ಷರ. ಕವಿರಾಜಮಾರ್ಗದ ಕಾಲಕ್ಕಾಗಲೇ ಪ್ರಾಸ ವಿಚಾರದ ವಸ್ತುವಾಗಿತ್ತು. ನಾಗವರ್ಮನು ಛಂದೋಂಬುಧಿಯಲ್ಲಿ ಅದನ್ನು ಆರು ಬಗೆಯಾಗಿ ವಿಂಗಡಿಸಿ ಪ್ರಾಣಿಗಳ ಹೆಸರಿಟ್ಟನು. ಮೊದಲಕ್ಷರ ಹ್ರಸ್ವವಾಗಿ ಎರಡನೆಯದು ಒಂಟಿ ವ್ಯಂಜನವಾದರೆ ಸಿಂಹ, ಮೊದಲಕ್ಷರ ದೀರ್ಘವಾದರೆ ಗಜ, ಬಿಂದುವಿದ್ದರೆ ವೃಷಭ, ವಿಸರ್ಗವಿದ್ದರೆ ಅಜ, ಬೇರೆ ಬೇರೆ ವ್ಯಂಜನಗಳ ಒತ್ತಾದರೆ ಶರಭ, ಒಂದೇ ವ್ಯಂಜನದ ದ್ವಿತ್ವವಾದರೆ ಹಯ. ಮೊದಲಕ್ಷರ ಯಾವುದಾದರೂ ಆಗಬಹುದು, ಆದರೆ ಅದರ ಅಳತೆ ಬದಲಾಗಕೂಡದು. ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು. ಕನ್ನಡ ಶಬ್ದಕ್ಕೆ ಸಂಸ್ಕೃತದ ಪ್ರ, ವಿ, ಸಂ ಎಂಬಂಥ ಉಪಸರ್ಗಗಳಿಲ್ಲ, ಪ್ರಕೃತಿಯೇ ಮೊದಲು. ಆದುದರಿಂದ ಎರಡನೆಯ ಅಕ್ಷರ ಬೀಳುವುದು ಪ್ರಕೃತಿಯ ಮಧ್ಯದಲ್ಲಿಯೇ. ಇಂಗ್ಲಿಷಿನ ಅಂತ್ಯಪ್ರಾಸ ಮಾಡುವ ಕೆಲಸವನ್ನೇ, ಎಂದರೆ ಬೇರಿಗೆ ಬೇರನ್ನು ಕೂಡಿಸುವುದನ್ನು, ಕನ್ನಡದಲ್ಲಿ ಮಾಡುವುದು ಆದಿಪ್ರಾಸ. ತಮಿಳಿನ ಎದುಗೈ, ತೆಲುಗಿನ ಪ್ರಾಸ ಎರಡೂ ಇದೇ ಎರಡನೆಯ ಅಕ್ಷರದ ಮೇಲೆ ನಿಂತಿವೆಯೆಂಬುದನ್ನು ಚೆನ್ನೈ, ಹೈದರಾಬಾದುಗಳ ನಮ್ಮ ವಾಚಕರು ಬಲ್ಲರು.

ಆದಿಪ್ರಾಸ ಪಂಡಿತರು ಮೇಲಿಂದ ಹೇರಿದ ಕಟ್ಟಳೆಯೆಂದು ಹೇಳುವವರುಂಟು. ಅವರಿಗೆ ಉತ್ತರ ಛಂದೋಗ್ರಂಥದಲ್ಲಿಲ್ಲ, ನಮ್ಮ ಅಡುಗೆಮನೆಯಲ್ಲಿದೆ. ಅಕ್ಷರ ಬಾರದ ಅಜ್ಜಿಯೂ ಆಡುವ ಜೋಡಿಮಾತುಗಳನ್ನು ನೋಡಿ: ಹಣಗಿಣ, ಊಟಗೀಟ, ಅಂಗಡಿಗಿಂಗಡಿ, ಪುಸ್ತಕಗಿಸ್ತಕ, ಅಕ್ಕಿಗಿಕ್ಕಿ. ಮೊದಲಕ್ಷರವನ್ನು ಕಿತ್ತು 'ಗಿ' ಹಾಕುತ್ತೇವೆ. ಅದು ದೀರ್ಘವಾಗಿದ್ದರೆ 'ಗೀ' ಹಾಕುತ್ತೇವೆ. ಎರಡನೆಯ ಅಕ್ಷರದಿಂದ ಮುಂದೆ ಯಾವುದನ್ನೂ ಮುಟ್ಟುವುದಿಲ್ಲ. ಇದು ನಾಗವರ್ಮನ ಲಕ್ಷಣವೇ ಅಲ್ಲವೆ? ಹಣಗಿಣ ಸಿಂಹ, ಊಟಗೀಟ ಗಜ, ಅಂಗಡಿಗಿಂಗಡಿ ವೃಷಭ, ಪುಸ್ತಕಗಿಸ್ತಕ ಶರಭ, ಅಕ್ಕಿಗಿಕ್ಕಿ ಹಯ. ಅಜಪ್ರಾಸವೊಂದು ಮಾತ್ರ ಮನೆಮಾತಿನಲ್ಲಿ ಕಾಣದು. ಕಾವ್ಯದಲ್ಲಿಯೂ ಅದು ಅಪರೂಪವೇ. ಹಿಂದಿಯವರು 'ಚಾಯ್‌ವಾಯ್' ಎನ್ನುವಾಗ ಮೊದಲಕ್ಷರದ ಸ್ವರವನ್ನು ಉಳಿಸಿಕೊಂಡು ವ್ಯಂಜನವನ್ನು ಮಾತ್ರ ಬದಲಿಸುತ್ತಾರೆ. ನಾವು ಸ್ವರವನ್ನೂ ಬಿಟ್ಟುಕೊಟ್ಟು ಅಳತೆಯನ್ನು ಮಾತ್ರ ಉಳಿಸಿಕೊಳ್ಳುತ್ತೇವೆ. ತೆಲುಗಿನಲ್ಲಿ 'ಗಿ', ತಮಿಳಿನಲ್ಲಿ 'ಕಿ' ಇದೇ ಕೆಲಸ ಮಾಡುತ್ತವೆ. ನಮ್ಮ ನೆರೆಯ ಮರಾಠಿಯ 'ಜೇವಣಬಿವಣ'ವೂ ಇದೇ ಜಾಡಿನದು. ಲಾಕ್ಷಣಿಕರು ಪ್ರಾಸವನ್ನು ನಿರ್ಮಿಸಲಿಲ್ಲ. ಜನದ ಕಿವಿಯಲ್ಲಿದ್ದುದನ್ನು ಕೇಳಿ ಅದಕ್ಕೆ ಹೆಸರಿಟ್ಟರು ಎಂದು ಊಹಿಸುವುದೇ ಯುಕ್ತ.

೫

ಇಷ್ಟಾದಮೇಲೆ ವಿಮರ್ಶೆಯ ಪ್ರಶ್ನೆಗೆ ಬರಬಹುದು. ೧೯೧೧ರಲ್ಲಿ ಮಂಜೇಶ್ವರದ ಗೋವಿಂದ ಪೈಯವರು ಆದಿಪ್ರಾಸವನ್ನು ತೊರೆದು ಕವಿತೆ ಬರೆದುದು ಹೊಸಗನ್ನಡದ ಚರಿತ್ರೆಯಲ್ಲಿ ಒಂದು ಮೈಲಿಗಲ್ಲೆಂಬುದು ಸುವಿದಿತ. ೧೯೫೬ರಲ್ಲಿ ತಮ್ಮ ಊರೇ ಕೇರಳಕ್ಕೆ ಸೇರಿದ ಆ ಹಿರಿಯರು ನಮ್ಮಂತೆಯೇ ರಾಜ್ಯದ ಗಡಿಯಾಚೆಯ ಕನ್ನಡಿಗರಾಗಿ ಬಾಳಿದವರು. ಅವರ ಧೈರ್ಯವನ್ನು ಅಲ್ಲಗಳೆಯುವ ಉದ್ದೇಶ ನನಗಿಲ್ಲ. ಆರು ಸಾಲುಗಳ ಷಟ್ಪದಿಯುದ್ದಕ್ಕೂ ಒಂದೇ ಪ್ರಾಸವನ್ನು ಹೊತ್ತು, ಸಾವಿರಾರು ಪದ್ಯಗಳವರೆಗೆ ನಡೆಯಬೇಕಾದ ಕವಿ ಅನೇಕ ವೇಳೆ ಪ್ರಾಸಕ್ಕಾಗಿ ಪದವನ್ನೂ, ಪದಕ್ಕಾಗಿ ಅರ್ಥವನ್ನೂ ತರಬೇಕಾಗಿತ್ತು. ಶಕ್ತಿಯಿಲ್ಲದವರ ಕೈಯಲ್ಲಿ ಅದು ದ್ಯುಲೋವಿನ ಮುನ್ನೂರು ಸಾನೆಟ್ಟುಗಳ ಕಥೆಯೇ ಆಗಿತ್ತು. ಕಡ್ಡಾಯ ಹೋದುದು ಒಳ್ಳೆಯದೇ ಆಯಿತು.

ತಪ್ಪಾದುದು ಅದರ ಮುಂದಿನ ಹೆಜ್ಜೆಯಲ್ಲಿ. ಶ್ರೀಯವರ 'ಇಂಗ್ಲಿಷ್ ಗೀತಗಳು' ತೆರೆದ ದಾರಿಯಲ್ಲಿ ಬಂದ ಅನೇಕ ಭಾವಗೀತಗಳು ಇಂಗ್ಲಿಷಿನ ಮಾದರಿಯಂತೆ ಪ್ರಾಸವನ್ನು ಸಾಲಿನ ಕೊನೆಗೆ ಒಯ್ದವು. ಪ್ರಾಸದ ಸ್ಥಾನ ಬದಲಾಯಿತೇ ಹೊರತು ಪ್ರಾಸ ಪ್ರಾಸವೇ ಎಂದು ನಮ್ಮ ವಿಮರ್ಶಕರು ಎಣಿಸಿದರು. ನಾನು ಹೇಳಿದ ತಪ್ಪೆಣಿಕೆ ಇದೇ. ಕ್ರ್ಯಾಂಬೋವನ್ನು ಅಂತ್ಯಾಕ್ಷರಿಯೆಂದು ಅನುವಾದಿಸುವುದಕ್ಕೂ, ಇಂಗ್ಲಿಷಿನ ಅಂತ್ಯಪ್ರಾಸಕ್ಕೆ ಕನ್ನಡದ ಅಂತ್ಯಪ್ರಾಸವೇ ಸಮಾನವೆಂದು ತಿಳಿಯುವುದಕ್ಕೂ ವ್ಯತ್ಯಾಸವಿಲ್ಲ. ಇಂಗ್ಲಿಷಿನಲ್ಲಿ ದುರ್ಲಭವಾದುದು ಕನ್ನಡದಲ್ಲಿ ಸುಲಭ. ಆದುದರಿಂದಲೇ ಅದಕ್ಕೆ ಬೆಲೆ ಕಡಿಮೆ. ಬಂದನು ಎಂಬುದಕ್ಕೆ ನಿಂದನು ಎಂದು ಕೂಡಿಸುವಾಗ ಕಿವಿಗೆ ಹಿತವಾಗುವುದು ಕೊನೆಯ 'ದನು' ಅಲ್ಲ. 'ಬಂದ', 'ನಿಂದ' ಎಂಬ ಬಿಂದುಪ್ರಾಸ. ಬಂದನು ಎಂಬುದಕ್ಕೆ ಹೋದನು ಎಂದು ಕೂಡಿಸಿ ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ರಗಳೆಯಲ್ಲಿ ಎರಡೆರಡು ಸಾಲುಗಳಿಗೆ ಅಂತ್ಯಪ್ರಾಸ ಹಿಂದಿನಿಂದಲೂ ಉಂಟಲ್ಲವೆ ಎಂದು ಕೇಳಬಹುದು. ಉಂಟು; ಆದರೆ ಅಲ್ಲಿ ಆದಿಪ್ರಾಸವೂ ಜೊತೆಗಿರುತ್ತದೆ. ಮಳೆ, ಬೆಳೆ, ಹೊಳೆ ಎಂಬ ಎರಡಕ್ಷರದ ಶಬ್ದಗಳು ಸಾಲಿನ ಕೊನೆಯಲ್ಲಿ ಸೊಗಸಾಗಿ ಕೂಡುತ್ತವೆಯಲ್ಲ ಎಂದೂ ಕೇಳಬಹುದು. ನಿಜ, ಅಲ್ಲಿ ಪ್ರತ್ಯಯವಿಲ್ಲ, ಶಬ್ದದ ಕೊನೆಯೇ ಅದರ ಎರಡನೆಯ ಅಕ್ಷರ. ಈ ಉದಾಹರಣೆ ನನ್ನ ಮಾತನ್ನೇ ಬಲಪಡಿಸುತ್ತದೆ. ಸಂಸ್ಕೃತವೂ ಪ್ರತ್ಯಯಪ್ರಧಾನವಾಗಿದ್ದು ಆದಿಪ್ರಾಸವನ್ನು ಬಯಸಲಿಲ್ಲವೇಕೆ ಎಂಬ ಪ್ರಶ್ನೆ ಹೆಚ್ಚು ಗಂಭೀರವಾದುದು. ಸಂಸ್ಕೃತವೃತ್ತಕ್ಕೆ ಗುರುಲಘುಗಳ ಕಟ್ಟೇ 'ಸಾಕಾಗಿತ್ತು. ಅದು ಪ್ರಾಸವನ್ನೇ ನಿಯಮವಾಗಿ ಬೇಡಲಿಲ್ಲ. ಪ್ರತ್ಯಯವಿರುವ ಭಾಷೆಗಳೆಲ್ಲ ಆದಿಪ್ರಾಸವನ್ನು ಹಡೆಯಲೇಬೇಕೆಂದು ನಾನು ಹೇಳುತ್ತಿಲ್ಲ. ಪ್ರಾಸವನ್ನು ಬಯಸುವ ಭಾಷೆ ಅದನ್ನು ಬೇರಿರುವೆಡೆಯಲ್ಲಿ ಹುಡುಕುತ್ತದೆಂಬುದಷ್ಟೇ ನನ್ನ ವಾದ.

ಲೋಕದ ಸಾಕ್ಷಿಯೂ ಇದೆ. ಗೋವಿಂದ ಪೈಯವರ ಪ್ರಾಸತ್ಯಾಗಕ್ಕೆ ಮೂವತ್ತೆರಡು ವರ್ಷಗಳಾದ ಮೇಲೆ, ೧೯೪೩ರಲ್ಲಿ, ಪ್ರಕಟವಾದ ಡಿ. ವಿ. ಗುಂಡಪ್ಪನವರ 'ಮಂಕುತಿಮ್ಮನ ಕಗ್ಗ' ಆದಿಪ್ರಾಸವನ್ನು ಬಿಡದೆ ಪಾಲಿಸಿದ ಕೃತಿ. ಇಂದಿಗೂ ಕನ್ನಡಿಗರ ಬಾಯಲ್ಲಿ ಅದರಷ್ಟು ನಿಂತ ಆಧುನಿಕ ಪದ್ಯಗ್ರಂಥಗಳು ಕೆಲವೇ. ಅದರ ವಿಚಾರದ ಬಲ ದೊಡ್ಡದೇ. ಆದರೆ ನೆನಪಿನಲ್ಲಿ ಪದ್ಯದ ಮುಂದಿನ ಸಾಲನ್ನು ಎಳೆದುತರುವ ಕೊಕ್ಕೆ ಆ ಎರಡನೆಯ ಅಕ್ಷರವೆಂಬುದನ್ನು ಕಗ್ಗವನ್ನು ಕಂಠಪಾಠ ಮಾಡಿದವರೆಲ್ಲ ಬಲ್ಲರು. ೧೯೪೪ರಿಂದ ೧೯೫೬ರವರೆಗೆ ಸೊಲ್ಲಾಪುರದಲ್ಲಿ ಅಧ್ಯಾಪಕರಾಗಿದ್ದ ಬೇಂದ್ರೆಯವರಂತೂ ಕಟ್ಟಳೆಯನ್ನು ಬಿಟ್ಟರು, ಆದರೆ ಕಿವಿಯನ್ನು ಬಿಡಲಿಲ್ಲ. ಅವರ ನಾದದ ಬಹುಭಾಗ ಶಬ್ದಗಳ ಮೊದಲ ಎರಡಕ್ಷರಗಳ ಅನುರಣನದಲ್ಲಿದೆ. ಅವಧಾನದ ವೇದಿಕೆಯಲ್ಲಿ ಶತಾವಧಾನಿ ಆರ್. ಗಣೇಶರು ಸಮಸ್ಯಾಪೂರಣ, ದತ್ತಪದಿಗಳನ್ನು ಕನ್ನಡದಲ್ಲಿ ನಡೆಸುವಾಗ ಸಭೆ ತುಂಬುವುದನ್ನೂ ಇಲ್ಲಿ ನೆನೆಯಬೇಕು. ದತ್ತಪದಿಯೆಂದರೆ ಕೊಟ್ಟ ಪದಗಳನ್ನು ಒಳಗೊಂಡು ಪದ್ಯ ಕಟ್ಟುವುದು; ಬೂ ರಿಮೇಗೆ ನಮ್ಮಲ್ಲಿ ಹತ್ತಿರದ ನಂಟ ಅದೇ. ಆಟ ಕೀಳಲ್ಲ, ಆಟವನ್ನು ಕಾವ್ಯವೆಂದು ಭ್ರಮಿಸುವುದು ಮಾತ್ರ ಕೀಳು.

೬

ಇದೆಲ್ಲ ಪರಸ್ಥಳದ ಕನ್ನಡಿಗರಾದ ನಮಗೆ ವಿಶೇಷವಾಗಿ ಏಕೆ ಬೇಕು? ನಮ್ಮ ಮನೆಗಳ ಮಾತನ್ನು ಸ್ವಲ್ಪ ಕಿವಿಗೊಟ್ಟು ಕೇಳೋಣ. 'ಬುಕ್ಕನ್ನು ಓಪನ್ ಮಾಡಿದೆ', 'ಗಾಡಿಯನ್ನು ಪಾರ್ಕ್ ಮಾಡಿ ಬಂದೆ' ಎನ್ನುತ್ತಾರೆ ನಮ್ಮ ಮಕ್ಕಳು. ಅನ್ನು, ಅಲ್ಲಿ, ಇಂದ, ಮಾಡಿದೆ: ಕನ್ನಡದ ಪ್ರತ್ಯಯಗಳೆಲ್ಲ ಅಚ್ಚುಕಟ್ಟಾಗಿವೆ. ಹೋದುದು ಪ್ರಕೃತಿ. ತೆರೆ, ನಿಲ್ಲಿಸು ಎಂಬ ಬೇರುಗಳಿದ್ದ ಜಾಗದಲ್ಲಿ ಇಂಗ್ಲಿಷೋ ಮರಾಠಿಯೋ ಹಿಂದಿಯೋ ಬಂದು ಕುಳಿತಿದೆ. ವಲಸೆ ಬಂದ ಭಾಷೆ ಮೊದಲು ಕಳೆದುಕೊಳ್ಳುವುದು ಬಾಲವನ್ನಲ್ಲ, ತಲೆಯನ್ನು. ೧೯೯೩ರಲ್ಲಿ ಜ಼ೀ ವಾಹಿನಿಯಲ್ಲಿ ಆರಂಭವಾದ ಹಿಂದಿ ಅಂತ್ಯಾಕ್ಷರಿಯ ಕಾರ್ಯಕ್ರಮ ದೇಶವನ್ನೆಲ್ಲ ಆವರಿಸಿದ ಮೇಲೆ ನಮ್ಮ ಸಂಘಗಳ ಕೂಟಗಳಲ್ಲಿಯೂ ಆ ಆಟ ಚಿತ್ರಗೀತೆಗಳ ಆಟವಾಗಿದೆ. ಸಂತೋಷಕ್ಕೆ ಅದು ಸಾಕು. ಆದರೆ ಮಕ್ಕಳಿಗೆ ಕನ್ನಡದ ಬೇರನ್ನು ಮುಟ್ಟಿಸುವ ಆಟ ಬೇಕಾದರೆ ಅಂತ್ಯಾಕ್ಷರವನ್ನು ಬಿಟ್ಟು ಎರಡನೆಯ ಅಕ್ಷರಕ್ಕೆ ಬರಬೇಕು.

ಈಚೆಗೆ ಸಂಘದ ಮಕ್ಕಳ ಕೂಟದಲ್ಲಿ ಇದನ್ನು ಆಡಿಸಿ ನೋಡಿದೆವು. ಕ್ರ್ಯಾಂಬೋವಿನ ನಿಯಮ, ಛಂದೋಂಬುಧಿಯ ಪ್ರಾಸ. ಅಜ್ಜಿಯೊಬ್ಬರು ಒಂದು ಶಬ್ದವನ್ನು ನೆನೆದು, 'ನನ್ನ ಮಾತಿಗೆ ಬಳ್ಳಿ ಪ್ರಾಸ' ಎಂದರು. ಮಕ್ಕಳು ಮೊದಲು ಸುಮ್ಮನಿದ್ದರು. ಆಮೇಲೆ ಒಬ್ಬಳು ಕೇಳಿದಳು: 'ಸಂಕ್ರಾಂತಿಗೆ ಬೆಲ್ಲದೊಡನೆ ಹಂಚುವುದೇ ಅಜ್ಜಿ?' 'ಅಲ್ಲಮ್ಮ, ಎಳ್ಳಲ್ಲ.' 'ಒಗ್ಗರಣೆಗೆ ಜಜ್ಜಿ ಹಾಕುವುದೇ?' 'ಬೆಳ್ಳುಳ್ಳಿಯೂ ಅಲ್ಲ.' 'ಕಾಲಿಗೆ ಚುಚ್ಚುವುದೇ?' 'ಮುಳ್ಳೂ ಅಲ್ಲ.' 'ತೂರಿದರೆ ಹಾರಿಹೋಗುವುದೇ?' ಎಂದು ಹಿಂದೆ ಕುಳಿತಿದ್ದ ತಂದೆಯೊಬ್ಬರು ಕೇಳಿದರು; 'ಜೊಳ್ಳಲ್ಲಪ್ಪ' ಎಂದು ಉತ್ತರ ಬಂದಿತು. ಜೊಳ್ಳೆಂದರೇನೆಂದು ಮಕ್ಕಳು ಕೇಳಿದುವು. ಕಾಳಿಲ್ಲದ ಬತ್ತದ ವಿಷಯ ಅಲ್ಲಿ ಐದು ನಿಮಿಷ ನಡೆಯಿತು. ಕೊನೆಗೆ ಹತ್ತು ವರ್ಷದ ಹುಡುಗನೊಬ್ಬ, 'ನೀವೆಲ್ಲ ಬಿಟ್ಟುಬಂದದ್ದೇ?' ಎಂದು ಕೇಳಿದನು. ಅಜ್ಜಿ ಸ್ವಲ್ಪ ತಡೆದು, 'ಹೌದಪ್ಪ, ಹಳ್ಳಿ' ಎಂದರು.

ಒಂದು ಆಟದಿಂದ ಭಾಷೆ ಉಳಿಯುತ್ತದೆಂದು ಹೇಳುವಷ್ಟು ಸರಳನಲ್ಲ ನಾನು. ಆದರೆ ಅರ್ಧಗಂಟೆಯಲ್ಲಿ ಏಳೆಂಟು ಕನ್ನಡ ಬೇರುಗಳು ಆ ಮಕ್ಕಳ ಬಾಯಿಗೆ ಬಂದುವೆಂಬುದು ನಿಜ. ಗೋಷ್ಠಿಯಲ್ಲಿ ಪೂರ್ಣ ಸಂಸ್ಕೃತವನ್ನೂ ಆಡದೆ ಪೂರ್ಣ ದೇಶಭಾಷೆಯನ್ನೂ ಆಡದೆ ಮಾತನಾಡುವವನು ಲೋಕಮಾನ್ಯನಾಗುತ್ತಾನೆಂದು ವಾತ್ಸ್ಯಾಯನನು ಹೇಳಿದ್ದಾನೆ. ನಗರಗಳಲ್ಲಿ ಬಾಳುವ ನಾವೂ ಅನೇಕ ಭಾಷೆಗಳನ್ನು ಬೆರೆಸಿಯೇ ಮಾತನಾಡುತ್ತೇವೆ. ಅದರಲ್ಲಿ ಅವಮಾನವೇನೂ ಇಲ್ಲ. ಬೆರೆಸುವವನ ಕೈಯಲ್ಲಿ ಬೆರೆಸುವುದಕ್ಕೆ ಕನ್ನಡವೂ ಇರಬೇಕಾದುದಷ್ಟೇ ಮುಖ್ಯ.

ಇನ್ನು ನಮ್ಮ ಅನುವಾದಕ ಮಿತ್ರರ ಪ್ರಶ್ನೆ ಉಳಿಯಿತು. ಪ್ರತಿಮಾಲೆಯೆಂಬ ಹೆಸರನ್ನು ಅಂತ್ಯಾಕ್ಷರಿಗೇ ಬಿಟ್ಟುಕೊಡೋಣ. ಅದು ಅದರ ಹಕ್ಕು. ಪೀಪ್ಸನ ಬಂಡಿಯಲ್ಲಿ ನಡೆದುದನ್ನು ಕ್ರ್ಯಾಂಬೋ ಎಂದೇ ಬರೆದು, 'ಪ್ರಾಸ ಹುಡುಕುವ ಆಟ' ಎಂದು ಪಕ್ಕದಲ್ಲಿ ವಿವರಿಸಿದರೆ ಸಾಕು. ನಮ್ಮ ಮಕ್ಕಳು ಆಡಿದ ಆಟಕ್ಕೆ ಅವರೇ ಅಂದು ಒಂದು ಹೆಸರು ಕೊಟ್ಟರು: 'ಗಿಡಗಿಡ ಆಟ'. ಗಿಡಕ್ಕೆ 'ಗಿ' ಸೇರಿಸಿದರೂ ಗಿಡವೇ ಎಂಬ ಹಾಸ್ಯ ಅದರಲ್ಲಿದೆ. ಅದಕ್ಕಿಂತ ಒಳ್ಳೆಯ ಹೆಸರು ನನಗಂತೂ ಹೊಳೆದಿಲ್ಲ.